ಹರಿಕೇನ್ ಸೀಸನ್‌ನಲ್ಲಿ ದನ, ಕುದುರೆ, ಮೇಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ಮುಗಿಯುತ್ತಾ ಬಂದರೆ ಸಾಕು, ಫೋನ್ ಶುರು. ಫ್ಲೋರಿಡಾದಲ್ಲಿ ಹೊಸದಾಗಿ ಜಮೀನು ತಗೊಂಡು ನಾಲ್ಕು ದನ ಬಿಟ್ಟುಕೊಂಡ ಕನ್ನಡದವರು ಒಂದು ಕಡೆ, ಟಿವಿ ನೋಡಿ ಗಾಬರಿಯಾದ ಊರಿನ ನೆಂಟರು ಇನ್ನೊಂದು ಕಡೆ. ಕೇಳುವುದು ಹೆಚ್ಚುಕಡಿಮೆ ಅದನ್ನೇ. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾವಿರುವುದು ಪೀಸ್ ನದಿಯ ಬಯಲಲ್ಲಿ, ಆರ್ಕೇಡಿಯಾ ಕಡೆ. ಹಾಗಾಗಿ ಇಲ್ಲಿರುವುದು ಈ ನೆಲದ ಮಾತು. ಟೆಕ್ಸಾಸ್, ಲೂಸಿಯಾನಾ ಕರಾವಳಿಯವರಿಗೂ ಬಹುಪಾಲು ಹೊಂದುತ್ತದೆ.

ಸೀಸನ್ ಯಾವಾಗಿಂದ ಯಾವಾಗಿನವರೆಗೆ?

ಲೆಕ್ಕಕ್ಕೆ ಜೂನ್ 1ರಿಂದ ನವೆಂಬರ್ 30. ಆದರೆ ಜೂನ್, ಜುಲೈ ಸಾಮಾನ್ಯವಾಗಿ ಸುಮ್ನೆ ಹೋಗುತ್ತವೆ. ನಿಜವಾದ ಕಾಟ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಅದರಲ್ಲೂ ಸೆಪ್ಟೆಂಬರ್ 10ರ ಆಸುಪಾಸು ಎಲ್ಲಕ್ಕಿಂತ ಜಾಸ್ತಿ. ನಮ್ಮ ಭಾಗದ ನೆನಪುಗಳನ್ನೇ ನೋಡಿ: ಚಾರ್ಲಿ ಅನ್ನೋ ಹರಿಕೇನ್ ಬಂದದ್ದು 2004ರ ಆಗಸ್ಟ್ 13ಕ್ಕೆ, ಇಯಾನ್ 2022ರ ಸೆಪ್ಟೆಂಬರ್ 28ಕ್ಕೆ, ಮಿಲ್ಟನ್ 2024ರ ಅಕ್ಟೋಬರ್ 9ಕ್ಕೆ. ಚಾರ್ಲಿ, ಇಯಾನ್ ಎರಡೂ ದಡ ಹತ್ತಿದ್ದು ಕಾಯೋ ಕೋಸ್ಟಾ ಅನ್ನೋ ಒಂದೇ ದ್ವೀಪದಲ್ಲಿ. ಒಮ್ಮೆ ಹೊಡೆದ ಜಾಗಕ್ಕೆ ಮತ್ತೆ ಬರಲ್ಲ ಅಂತ ಯಾರಾದರೂ ಹೇಳಿದರೆ ಇದನ್ನು ಹೇಳಿ.

ಊರಲ್ಲಿ ಸೈಕ್ಲೋನ್ ಅಂತೀವಲ್ಲ, ಅದೂ ಇದೂ ಒಂದೇನಾ?

ಒಂದೇ. ಅಟ್ಲಾಂಟಿಕ್ ಕಡೆ ಎದ್ದರೆ ಹರಿಕೇನ್, ಬಂಗಾಳ ಕೊಲ್ಲಿಯಲ್ಲೋ ಅರಬ್ಬೀ ಸಮುದ್ರದಲ್ಲೋ ಎದ್ದರೆ ಸೈಕ್ಲೋನ್. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿ ಪಕ್ಕದಲ್ಲೇ ಹಾದುಹೋಯಿತಲ್ಲ, ಅದೇ ಜಾತಿಯದು.

ಕೆಟಗರಿ ನೋಡಿಕೊಂಡು ಎಷ್ಟು ತಯಾರಿ ಬೇಕು ಅಂತ ತೀರ್ಮಾನ ಮಾಡಬಹುದಾ?

ದಯವಿಟ್ಟು ಬೇಡ. ಎಲ್ಲರೂ ಎಡವುವುದು ಇಲ್ಲೇ. ಕೆಟಗರಿ ಹೇಳುವುದು ಗಾಳಿಯ ವೇಗ ಮಾತ್ರ. ಗಂಟೆಗೆ 74 ಮೈಲಿ ದಾಟಿದರೆ ಒಂದು, 111 ದಾಟಿದರೆ ಮೂರು, 157 ದಾಟಿದರೆ ಐದು. ಮಳೆ ಎಷ್ಟು ಸುರಿಯುತ್ತದೆ, ಸಮುದ್ರ ಎಷ್ಟು ಒಳಗೆ ನುಗ್ಗುತ್ತದೆ, ಇವೆರಡರ ಸುದ್ದಿಯೇ ಅದರಲ್ಲಿಲ್ಲ. 2017ರಲ್ಲಿ ಹಾರ್ವೆ ಟೆಕ್ಸಾಸ್‌ಗೆ ಬಂದಾಗ ಗಾಳಿ ಬೇಗನೆ ಇಳಿಯಿತು, ಆದರೆ ಅದು ಅಲ್ಲೇ ಬೀಡು ಬಿಟ್ಟು ನೆಡರ್‌ಲ್ಯಾಂಡ್ ಹತ್ತಿರ 60 ಇಂಚಿಗಿಂತ ಹೆಚ್ಚು ಮಳೆ ಸುರಿಸಿತು. ದನಗಳು ಮುಳುಗಿದ್ದು ಆ ನೀರಿನಲ್ಲಿ.

ಇಯಾನ್ ಆದ ಮೇಲೆ ನಮ್ಮ ಕಡೆಯೂ ಹಾಗೇ ಆಯಿತು. ಗಾಳಿ ಹೋಯಿತು, ಬಿಸಿಲು ಬಂತು, ಜನ ಉಸಿರು ಬಿಟ್ಟರು. ಆಮೇಲೆ ಮೇಲಿನಿಂದ ನೀರು ಇಳಿದು ಪೀಸ್ ನದಿ ಉಕ್ಕಿತು. ಆರ್ಕೇಡಿಯಾದಲ್ಲಿ ಸ್ಟೇಟ್ ರೋಡ್ 70 ಮುಳುಗಿತು, ಪಕ್ಕದ ಮಯಾಕಾ ನದಿಯ ನೀರಿಗೆ ಐ-75 ಹೆದ್ದಾರಿಯನ್ನೇ ಸ್ವಲ್ಪ ಹೊತ್ತು ಮುಚ್ಚಬೇಕಾಯಿತು. ಹಾಗಾಗಿ ನಿಮ್ಮ ಜಮೀನಿನ ಯಾವ ಮೂಲೆ ಎತ್ತರ, ಯಾವ ಮೂಲೆ ತಗ್ಗು ಅಂತ ಮೊದಲು ಗೊತ್ತಿರಬೇಕು. ನಕ್ಷೆ ನೋಡಿದರೆ ಸಾಲದು, ಒಂದು ದೊಡ್ಡ ಮಳೆಯ ಮಾರನೇ ದಿನ ಬೂಟ್ಸ್ ಹಾಕಿಕೊಂಡು ಸುತ್ತಾಡಿ.

ಇನ್ನು ಟಿವಿಯಲ್ಲಿ ತೋರಿಸುವ ಬಿಳಿ ಕೋನ್. ಅದು ಗಾಳಿಯ ಅಗಲ ಅಲ್ಲ, ಹರಿಕೇನ್‌ನ ಕಣ್ಣು, ಅಂದರೆ ನಡುಭಾಗ, ಎಲ್ಲಿ ಹೋಗಬಹುದು ಅನ್ನುವ ಅಂದಾಜು. ಮೂರು ಸಲಕ್ಕೆ ಒಂದು ಸಲ ಕಣ್ಣೇ ಅದರಿಂದ ಆಚೆ ಹೋಗುತ್ತದೆ. ಕೋನಿನ ಹೊರಗಿದ್ದೇವೆ ಅಂತ ಕಾಲು ಚಾಚಿ ಮಲಗಬೇಡಿ.

ದನಗಳನ್ನು ಬೇರೆ ಕಡೆ ಸಾಗಿಸಬೇಕಾ, ಇಲ್ಲೇ ಬಿಡಬೇಕಾ?

ಸಮುದ್ರದ ನೀರು ನುಗ್ಗುವ ಜಾಗ, ನದಿ ಪಕ್ಕದ ತಗ್ಗು, ಇವೆರಡರಲ್ಲಿ ಒಂದಾದರೆ ಸಾಗಿಸಿ. ಉಳಿದವರಿಗೆ, ಅದರಲ್ಲೂ ದೊಡ್ಡ ಹಿಂಡು ಇರುವವರಿಗೆ, ಸ್ವಂತ ಜಮೀನಿನ ಎತ್ತರದ ಬಯಲೇ ವಾಸಿ.

ಸಾಗಿಸುವುದಾದರೆ ಬೇಗ. ಗಾಳಿ ಬರುವುದಕ್ಕೆ ಮೂರು ದಿನ ಮುಂಚೆಯೇ ಟ್ರೇಲರ್ ಗೇಟ್ ದಾಟಿರಬೇಕು. ಹರಿಕೇನ್ ವಾಚ್ (ಬರಬಹುದು ಅನ್ನುವ ಮುನ್ಸೂಚನೆ) ಕೊಡುವುದು ಬಿರುಗಾಳಿ ಶುರುವಾಗುವ 48 ಗಂಟೆ ಮುಂಚೆ, ವಾರ್ನಿಂಗ್ (ಬಂದೇ ಬರುತ್ತದೆ ಅನ್ನುವ ಎಚ್ಚರಿಕೆ) ಕೊಡುವುದು 36 ಗಂಟೆ ಮುಂಚೆ. ಅಂದರೆ ವಾಚ್ ಬರಲಿ ಅಂತ ಕಾದು ಕೂತರೆ ಆಗಲೇ ತಡ. 2017ರಲ್ಲಿ ಇರ್ಮಾ ಬಂದಾಗ ಫ್ಲೋರಿಡಾದಲ್ಲಿ ಸುಮಾರು 65 ಲಕ್ಷ ಜನರಿಗೆ ಜಾಗ ಖಾಲಿ ಮಾಡಿ ಅಂತ ಆದೇಶ ಹೋಗಿತ್ತು. ಆ ಟ್ರಾಫಿಕ್‌ನಲ್ಲಿ, ಸೆಪ್ಟೆಂಬರ್ ಸೆಕೆಯಲ್ಲಿ, ತುಂಬಿದ ದನದ ಟ್ರೇಲರ್ ಗಂಟೆಗಟ್ಟಲೆ ನಿಂತರೆ ಒಳಗೆ ಏನಾಗುತ್ತದೆ ಯೋಚಿಸಿ. ಗಾಳಿ ಗಂಟೆಗೆ 40 ಮೈಲಿ ಮುಟ್ಟಿದ ಮೇಲಂತೂ ಟ್ರೇಲರ್ ರಸ್ತೆಗೆ ಇಳಿಸಲೇಬೇಡಿ, ಪಲ್ಟಿ ಹೊಡೆಯುತ್ತದೆ.

ಇನ್ನೊಂದು ಉಪಾಯ ಇದೆ. ಇಲ್ಲಿನ ಹಳಬರು ಮಾಡುವುದು ಅದನ್ನೇ: ಮಾರುವ ಕರುಗಳನ್ನು ಜುಲೈ, ಆಗಸ್ಟ್‌ನಲ್ಲೇ ಸಂತೆಗೆ ಕಳಿಸಿಬಿಡುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಹಿಂಡು ಹಗುರ. ರೇಟ್ ಇನ್ನೂ ಏರಲಿ ಅಂತ ಕಾಯುವವರು ಇದ್ದೇ ಇರುತ್ತಾರೆ. ನನಗೆ ಆ ಲೆಕ್ಕ ಸರಿ ಕಾಣಲ್ಲ.

ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೆ ಸುರಕ್ಷಿತ ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕೇಳಿದರೆ ಊರಿನವರು ಯಾರೂ ಒಪ್ಪಲ್ಲ: ಬಹುತೇಕ ಕಡೆ, ಅಲ್ಲ.

ನಾವು ಬೆಳೆದದ್ದು ಮಳೆ ಬಂದರೆ ದನ ಒಳಗೆ ಕಟ್ಟು ಅನ್ನುವ ಮನೆಗಳಲ್ಲಿ. ಮುಂಗಾರಿಗೆ ಅದು ಸರಿ. ಆದರೆ ಇಲ್ಲಿನ ಶೆಡ್‌ಗಳು ಮರದ ಕಂಬ, ಮೇಲೆ ತಗಡು. 110 ಮೈಲಿ ಗಾಳಿಗೆ ತಗಡು ಏಳುತ್ತದೆ, ಮೊದಲ ಹಾಳೆ ಎದ್ದರೆ ಉಳಿದದ್ದು ತಾನೇ ಏಳುತ್ತದೆ, ಆಮೇಲೆ ಗೋಡೆ ಒಳಗೆ ಬೀಳುತ್ತದೆ. ಒಳಗಿರುವ ದನಕ್ಕೆ ಓಡಲು ದಾರಿಯೇ ಇಲ್ಲ. ನೀರು ಏರಿದರೂ ಅದೇ ಕತೆ. ಹಗ್ಗದಲ್ಲಿರುವ ದನ ಈಜಲು ಆಗದೆ ನಿಂತಲ್ಲೇ ಸಾಯುತ್ತದೆ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿದಾಗ ಹಗ್ಗ ಬಿಚ್ಚಿಬಿಡಿ ಅಂತ ಎಲ್ಲರೂ ಹೇಳುತ್ತಿದ್ದರು, ನೆನಪಿದೆಯಾ? ಇಲ್ಲಿಯೂ ಮಾತು ಅದೇ.

ಬಯಲಲ್ಲಿ ಬಿಟ್ಟ ದನಕ್ಕೆ ತನ್ನ ಬುದ್ಧಿ ಇದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ತಗ್ಗಿಗೆ ನೀರು ಬಂದರೆ ಎತ್ತರ ಹುಡುಕುತ್ತದೆ. ಹಾರಿ ಬರುವ ವಸ್ತು ಕಂಡರೆ ತಪ್ಪಿಸಿಕೊಳ್ಳಲು ನೋಡುತ್ತದೆ. ಆದರೆ ಬಯಲು ಅಂದರೆ ಯಾವುದೋ ಬಯಲಲ್ಲ. ಎತ್ತರದ್ದು, ದೊಡ್ಡದು, ಮೇಲೆ ಕರೆಂಟ್ ತಂತಿ ಇಲ್ಲದ್ದು, ಹತ್ತಿರದಲ್ಲಿ ತಗಡಿನ ರಾಶಿ, ಹಳೇ ಸಾಮಾನು ಇಲ್ಲದ್ದು. ಮರಗಳ ಮೇಲೂ ಕಣ್ಣಿರಲಿ. ಇಲ್ಲಿ ಆಸ್ಟ್ರೇಲಿಯನ್ ಪೈನ್ ಅಂತ ಕರೆಯುವುದು ನಮ್ಮೂರ ಗಾಳಿ ಮರವನ್ನೇ. ಬೇರು ಆಳಕ್ಕೆ ಹೋಗಲ್ಲ, ದೊಡ್ಡ ಗಾಳಿಗೆ ಬುಡಸಮೇತ ಮಲಗುತ್ತದೆ. ಅದರ ಸಾಲಿನ ಪಕ್ಕ ದನ ಬಿಡಬೇಡಿ.

ಗಟ್ಟಿ ಕಾಂಕ್ರೀಟ್ ಬ್ಲಾಕಿನ, ಈಗಿನ ನಿಯಮದ ಪ್ರಕಾರ ಕಟ್ಟಿದ ಕೊಟ್ಟಿಗೆ ಎತ್ತರದ ಜಾಗದಲ್ಲಿದ್ದರೆ ಮಾತು ಬೇರೆ. ಅಂಥದ್ದು ಎಷ್ಟು ಜನರ ಹತ್ತಿರ ಇದೆ?

ಹಾಗಾದರೆ ಗೇಟುಗಳೆಲ್ಲ ತೆರೆದಿಡಬೇಕಾ?

ಒಳಗಿನ ಗೇಟುಗಳು ತೆರೆದಿರಲಿ, ರಸ್ತೆ ಕಡೆಯ ಹೊರಗಿನ ಗೇಟು ಮುಚ್ಚಿರಲಿ. ದನ ಗಾಳಿಯ ಜೊತೆ ನಿಧಾನಕ್ಕೆ ಸರಿಯುತ್ತಾ ಹೋಗುತ್ತದೆ. ನಡುವೆ ಬೇಲಿ ಅಡ್ಡ ಬಂದರೆ ಮೂಲೆಯಲ್ಲಿ ಒತ್ತಾಗಿ ಸೇರಿಕೊಂಡು ಮುಳ್ಳುತಂತಿಗೆ ಒತ್ತಿಕೊಳ್ಳುತ್ತದೆ. ಹೊರಗೆ ಬಿಟ್ಟುಬಿಡೋಣ ಅನ್ನುವವರಿಗೆ ಒಂದು ಮಾತು: ರಸ್ತೆಗೆ ಬಂದ ದನಕ್ಕೆ ಕತ್ತಲಲ್ಲಿ ಆಂಬುಲೆನ್ಸೋ ಲೈನ್‌ಮನ್ ಗಾಡಿಯೋ ಗುದ್ದಿದರೆ ಇಬ್ಬರಿಗೂ ಅಪಾಯ. ಫ್ಲೋರಿಡಾದಲ್ಲಿ ಹಿಂದೆ ದನ ಎಲ್ಲೆಂದರಲ್ಲಿ ತಿರುಗುತ್ತಿದ್ದವು, 1949ರ ಬೇಲಿ ಕಾನೂನಿನ ನಂತರ ಕಾಯುವ ಹೊಣೆ ಮಾಲೀಕರದ್ದೇ.

ಕಳೆದುಹೋದರೆ ನಮ್ಮದೇ ಅಂತ ಹೇಗೆ ಸಾಬೀತು ಮಾಡೋದು?

ಎಲ್ಲ ದನಕ್ಕೂ ಕಿವಿ ಓಲೆ ಇರಲಿ, ಅದರ ನಂಬರಿನ ಪಟ್ಟಿ ಫೋನಿನಲ್ಲೂ ಕಾಗದದಲ್ಲೂ ಇರಲಿ. ಪ್ರತಿಯೊಂದರ ಎರಡೂ ಪಕ್ಕದ ಫೋಟೋ ತೆಗೆಯಿರಿ, ಒಂದೆರಡು ಫೋಟೋದಲ್ಲಿ ನೀವೂ ನಿಂತಿರಿ. ಕುದುರೆಯಾದರೆ ಮೈಕ್ರೋಚಿಪ್ ಒಳ್ಳೆಯದು. ಗಾಳಿಯ ಹಿಂದಿನ ದಿನ ದನಕ್ಕೆ ಬಳಸುವ ಪೇಂಟ್‌ನಲ್ಲಿ ಮೈಮೇಲೇ ಫೋನ್ ನಂಬರ್ ಬರೆಯುತ್ತಾರೆ. ನೋಡಲು ತಮಾಷೆಯಾಗಿದ್ದರೂ ಅದರಷ್ಟು ಬೇಗ ಕೆಲಸ ಮಾಡುವುದು ಬೇರೆ ಇಲ್ಲ. ಕುದುರೆಯ ರಕ್ತ ಪರೀಕ್ಷೆಯ ಕಾಗದವನ್ನು ಮಾತ್ರ ಅದರ ಕುತ್ತಿಗೆಗೆ ಕಟ್ಟಬೇಡಿ. ಸಿಕ್ಕವರು ಆ ಕಾಗದ ತೋರಿಸಿ ತಮ್ಮದೇ ಅಂತ ಸಾಗಿಸಿಬಿಡಬಹುದು.

ನೀರು ಎಷ್ಟು ಕೂಡಿಡಬೇಕು?

ನೀವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ಗಾಳಿ ಹೋದ ಮೇಲೆ ಬರುವುದು ಸುಡುವ ಸೆಕೆ. ಆಗ ಒಂದು ದೊಡ್ಡ ಹಸು ದಿನಕ್ಕೆ 60ರಿಂದ 75 ಲೀಟರ್ ಕುಡಿಯುತ್ತದೆ. ಹತ್ತು ಹಸು, ಒಂದು ವಾರ, ಲೆಕ್ಕ ಹಾಕಿ. ಇಲ್ಲಿ ನಮಗೆಲ್ಲ ಬೋರ್‌ವೆಲ್, ಪಂಪ್ ಓಡಲು ಕರೆಂಟ್ ಬೇಕು. ಇರ್ಮಾ ಸಮಯದಲ್ಲಿ ಫ್ಲೋರಿಡಾದ ಮೂರರಲ್ಲಿ ಎರಡು ಪಾಲು ಗಿರಾಕಿಗಳಿಗೆ ಕರೆಂಟ್ ಹೋಗಿತ್ತು. ಹಳ್ಳಿ ಕಡೆ ಲೈನ್ ಸರಿಮಾಡಲು ಬರುವುದು ಕೊನೆಗೆ.

ಹಾಗಾಗಿ ಎಲ್ಲ ತೊಟ್ಟಿ, ಡ್ರಮ್, ಮಕ್ಕಳ ಪ್ಲಾಸ್ಟಿಕ್ ಈಜುಕೊಳ, ಏನಿದೆಯೋ ಎಲ್ಲ ತುಂಬಿಸಿ. ತುಂಬಿದ ತೊಟ್ಟಿ ಗಾಳಿಗೆ ಹಾರಲ್ಲ, ಖಾಲಿಯದ್ದು ಪಕ್ಕದ ಮನೆ ಕಿಟಕಿಗೆ ಹೋಗುತ್ತದೆ. ಪಂಪಿಗೆ ಸಾಕಾಗುವ ಜನರೇಟರ್ ಇರಲಿ. ಜೂನ್‌ನಲ್ಲೇ ಒಮ್ಮೆ ಪಂಪ್ ಜೋಡಿಸಿ ಓಡಿಸಿ ನೋಡಿ. ಜನರೇಟರ್ ಯಾವತ್ತೂ ಮನೆ, ಗ್ಯಾರೇಜ್, ಕೊಟ್ಟಿಗೆ ಒಳಗಲ್ಲ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗಾಳಿಯಲ್ಲಿ ಬದುಕಿ ಉಳಿದವರು ಇದರಲ್ಲಿ ಸಾಯುತ್ತಾರೆ.

ಸುತ್ತ ಎಲ್ಲ ನೀರೇ ನಿಂತಿರುತ್ತಲ್ಲ, ಅದನ್ನೇ ಕುಡಿಯಲಿ ಬಿಡಿ?

ಆ ನೀರಲ್ಲಿ ಡೀಸೆಲ್, ಸೆಪ್ಟಿಕ್ ಟ್ಯಾಂಕಿನ ಕೊಳಚೆ, ಗೊಬ್ಬರ, ಸತ್ತ ಪ್ರಾಣಿ ಎಲ್ಲ ಸೇರಿರುತ್ತದೆ. ಕರಾವಳಿಯಾದರೆ ಇನ್ನೂ ಕೆಟ್ಟದ್ದು ಉಪ್ಪು. 2008ರ ಸೆಪ್ಟೆಂಬರ್ 13ರಂದು ಐಕ್ ಹರಿಕೇನ್ ಗ್ಯಾಲ್ವೆಸ್ಟನ್‌ಗೆ ಹೊಡೆದಾಗ ಸಮುದ್ರದ ನೀರು ಟೆಕ್ಸಾಸ್‌ನ ಚೇಂಬರ್ಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹುಲ್ಲುಗಾವಲುಗಳ ಮೇಲೆ ಹರಿಯಿತು. ಆ ಭಾಗದಲ್ಲಿ ಸಾವಿರಾರು ದನ ಸತ್ತವು. ಉಳಿದವಕ್ಕೆ ಕುಡಿಯಲು ಉಪ್ಪು ನೀರು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಟ್ರಕ್‌ಗಳಲ್ಲಿ ಸಿಹಿನೀರು, ಹುಲ್ಲು ತಂದು ಹಾಕಿದರು.

ಒಂದು ಎಚ್ಚರ. ದಿನಗಟ್ಟಲೆ ನೀರಿಲ್ಲದೆ ಒಣಗಿದ ಅಥವಾ ಉಪ್ಪು ನೀರು ಕುಡಿದ ದನ ಸಿಕ್ಕರೆ ಒಮ್ಮೆಲೇ ತೊಟ್ಟಿ ಮುಂದೆ ಬಿಡಬೇಡಿ. ಅಷ್ಟೂ ಸಿಹಿನೀರು ಒಟ್ಟಿಗೆ ಹೋದರೆ ಮಿದುಳು ಊದಿಕೊಂಡು ಬಿದ್ದು ಒದ್ದಾಡುತ್ತದೆ. ಸ್ವಲ್ಪ ಸ್ವಲ್ಪವಾಗಿ, ಹೊತ್ತು ಬಿಟ್ಟು ಬಿಟ್ಟು ಕೊಡಿ. ಅಷ್ಟರಲ್ಲಿ ಡಾಕ್ಟರ್‌ಗೆ ಫೋನ್ ಮಾಡಿ.

ಮೇವು?

ಒಂದೆರಡು ವಾರಕ್ಕಾಗುವಷ್ಟು ಒಣಹುಲ್ಲು ಎತ್ತರದಲ್ಲಿ, ನೆಲಕ್ಕೆ ತಾಗದ ಹಾಗೆ, ಎರಡು ಬೇರೆ ಬೇರೆ ಕಡೆ ಇಡಿ. ಒಂದು ಹೋದರೂ ಇನ್ನೊಂದು ಇರಲಿ. ಪ್ರವಾಹದ ನೀರು ಮುಟ್ಟಿದ ಹುಲ್ಲನ್ನು ಒಣಗಿಸಿ ಹಾಕೋಣ ಅನ್ನುವ ಆಸೆ ಬೇಡ, ಎಸೆಯಿರಿ. ಒದ್ದೆ ಬೇಲ್‌ಗಳು (ಒತ್ತಿ ಕಟ್ಟಿದ ಹುಲ್ಲಿನ ಕಟ್ಟುಗಳು) ಒಳಗೊಳಗೇ ಬಿಸಿಯಾಗುತ್ತವೆ, ವಾರಗಳ ನಂತರ ತಾವಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಶೆಡ್ಡಿನಿಂದ ಆಚೆ ಹಾಕಿ.

ಮೇಕೆ, ಕೋಳಿಗಳನ್ನೂ ಬಯಲಿಗೆ ಬಿಡೋದಾ?

ಇಲ್ಲ. ಮೇಕೆಗೆ ಮಳೆ ಅಂದರೆ ಆಗಲ್ಲ, ಒಂದು ರಾತ್ರಿ ನೆನೆದರೆ ಎದೆ ಕಟ್ಟಿ ನ್ಯುಮೋನಿಯಾ. ಚಿಕ್ಕ ಮೈ, ಸಾಗಿಸುವುದೂ ಸುಲಭ. ಇರುವುದರಲ್ಲಿ ಗಟ್ಟಿಯಾದ ಕಟ್ಟಡಕ್ಕೆ, ಗ್ಯಾರೇಜ್ ಆದರೂ ಸರಿ, ಸೇರಿಸಿ. ಕೋಳಿಗಳನ್ನು ಕ್ರೇಟ್‌ಗೆ ತುಂಬಿ ಒಳಗಿಡಿ. ಮನೆಯವರು ಗೊಣಗುತ್ತಾರೆ, ಗೊಣಗಲಿ.

ಕುದುರೆಗೆ ಬೇರೆ ನಿಯಮ ಇದೆಯಾ?

ಬಯಲಿನ ಮಾತು ಅದಕ್ಕೂ ಹೊಂದುತ್ತದೆ, ಆದರೆ ಮುಳ್ಳುತಂತಿ ಬೇಲಿ ಇರುವ ಕಡೆ ಬೇಡ. ಗಾಬರಿಯಾದ ಕುದುರೆ ತಂತಿಗೆ ನುಗ್ಗಿ ಕಾಲು ಹರಿದುಕೊಳ್ಳುತ್ತದೆ. ಮುಖಕ್ಕೆ ಹಾಕುವ ಪಟ್ಟಿ ನೈಲಾನ್ ಆಗಿರಬಾರದು. ಕೊಂಬೆಗೆ ಸಿಕ್ಕಿಕೊಂಡರೆ ಹರಿಯುವ ಚರ್ಮದ್ದಾಗಲಿ. ಕಾಗಿನ್ಸ್ ಅನ್ನುವ ರಕ್ತ ಪರೀಕ್ಷೆಯ ಕಾಗದ ಒಂದು ವರ್ಷದೊಳಗಿನದು ಇಟ್ಟುಕೊಳ್ಳಿ, ಆಶ್ರಯ ಕೊಡುವ ಕಡೆ ಮೊದಲು ಕೇಳುವುದೇ ಅದು. ಧನುರ್ವಾಯು, ವೆಸ್ಟ್ ನೈಲ್, ಸೊಳ್ಳೆಯಿಂದ ಬರುವ ಮಿದುಳು ಜ್ವರ, ಇವುಗಳ ಲಸಿಕೆ ಸೀಸನ್‌ಗೆ ಮುಂಚೆಯೇ ಆಗಿರಲಿ.

ಹಾಲು ಕರೆಯುವ ಹಸುಗಳಿದ್ದರೆ?

ಕಷ್ಟ. ಕರೆಯುವುದು ತಪ್ಪಿದರೆ ಕೆಚ್ಚಲು ಬಾವು, ಫ್ಯಾನ್ ನಿಂತರೆ ಸೆಕೆಗೆ ಏದುಸಿರು. ಹಾಲಿನ ಟ್ಯಾಂಕರ್ ಬರದಿದ್ದರೆ ಕರೆದ ಹಾಲನ್ನೂ ಚೆಲ್ಲಬೇಕು. ಒಂದೆರಡು ಹಸುವಾದರೆ ಕೈಯಲ್ಲಿ ಕರೆಯಿರಿ, ಊರಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ದೊಡ್ಡ ಡೈರಿಯವರಿಗೆ ಜನರೇಟರ್ ಇಲ್ಲದೆ ಬೇರೆ ದಾರಿಯಿಲ್ಲ.

ಗಾಳಿ ನಿಂತಿತು. ಈಗ ಮೊದಲು ಏನು ಮಾಡಬೇಕು?

ಈ ಉತ್ತರ ಉದ್ದ ಇದೆ. ಯಾಕೆಂದರೆ ಗಾಳಿ ಒಂದು ರಾತ್ರಿಯದು, ಅದು ಬಿಟ್ಟುಹೋದದ್ದು ತಿಂಗಳುಗಟ್ಟಲೆ ದನಗಳ ಜೀವ ತೆಗೆಯುತ್ತದೆ.

ಮೊದಲು ನಿಮ್ಮ ಪ್ರಾಣ. ಬಿದ್ದ ತಂತಿಗೆಲ್ಲ ಕರೆಂಟ್ ಇದೆ ಅಂತಲೇ ನಡೆಯಿರಿ. ತಂತಿ ನಿಮ್ಮ ಬೇಲಿಯ ಮೇಲೆ ಎಲ್ಲೋ ದೂರದಲ್ಲಿ ಬಿದ್ದಿದ್ದರೂ ಇಡೀ ಬೇಲಿ ಶಾಕ್ ಹೊಡೆಯಬಹುದು. ನೀರು ಏರಿದಾಗ ಹಾವುಗಳೂ ಒಣ ಜಾಗ ಹುಡುಕುತ್ತವೆ, ಹುಲ್ಲಿನ ಬೇಲ್ ಎತ್ತುವ ಮುಂಚೆ ಕೋಲಿನಿಂದ ತಟ್ಟಿ. ಬೆಂಕಿ ಇರುವೆಗಳು ಒಂದನ್ನೊಂದು ಹಿಡಿದುಕೊಂಡು ತೆಪ್ಪದ ಹಾಗೆ ನೀರಿನ ಮೇಲೆ ತೇಲುತ್ತಿರುತ್ತವೆ, ಕಾಲಿಗೆ ತಾಗಿದರೆ ಮುಗೀತು.

ಆಮೇಲೆ ದನ ಎಣಿಸಿ, ಹೊರಗಿನ ಬೇಲಿ ಸುತ್ತಿ, ಕಿತ್ತಲ್ಲಿ ಸದ್ಯಕ್ಕೆ ಏನಾದರೂ ಕಟ್ಟಿ.

ಮೂರನೆಯದು ತಗಡು, ತಂತಿ, ಮೊಳೆ. ದನ ಹುಲ್ಲಿನ ಜೊತೆ ಮೊಳೆಯನ್ನೂ ನುಂಗುತ್ತದೆ. ಅದು ಹೊಟ್ಟೆಯ ಎರಡನೇ ಚೀಲದಲ್ಲಿ ಕೂತು ಮುಂದಕ್ಕೆ ಚುಚ್ಚಿದರೆ ಪಕ್ಕದಲ್ಲೇ ಗುಂಡಿಗೆ. ಬೆನ್ನು ಗೂನು ಮಾಡಿ ನಿಲ್ಲುವುದು, ಮೇವು ಬಿಡುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು ಕಂಡರೆ ಅನುಮಾನ ಪಡಿ. ಇದಕ್ಕೆ ಅಗ್ಗದ ಉಪಾಯ ಇದೆ: ಬೆರಳುದ್ದದ ಅಯಸ್ಕಾಂತವನ್ನು ದನಕ್ಕೆ ನುಂಗಿಸುತ್ತಾರೆ. ಅದು ಆ ಚೀಲದಲ್ಲೇ ಉಳಿದು ಕಬ್ಬಿಣವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಕೊಟ್ಟಿಗೆಯ ಚಾವಣಿ ಹಾರಿಹೋದ ಪ್ರತಿ ಮನೆಯವರೂ ಇದನ್ನು ಮಾಡಿಸಬೇಕು ಅಂತ ನನ್ನ ಅಭಿಪ್ರಾಯ. ಹುಲ್ಲುಗಾವಲನ್ನು ಟ್ರ್ಯಾಕ್ಟರ್‌ಗೆ ಕಟ್ಟಿದ ಅಯಸ್ಕಾಂತದ ಪಟ್ಟಿಯಿಂದ ಗುಡಿಸಿದರೆ ಇನ್ನೂ ವಾಸಿ.

ನಾಲ್ಕನೆಯದು ಬಿದ್ದ ಮರ. ಹಸಿದ ದನ ಬಾಡಿದ ಎಲೆಗೆ ಬಾಯಿ ಹಾಕುತ್ತದೆ. ಕಾಡು ಚೆರ್ರಿಯ ಎಲೆ ಬಾಡಿದಾಗ ಅದರಿಂದ ಸೈನೈಡ್ ಹೊರಬರುತ್ತದೆ, ದನ ನಿಮಿಷಗಳಲ್ಲಿ ಸಾಯಬಹುದು. ರೆಡ್ ಮೇಪಲ್‌ನ ಬಾಡಿದ ಎಲೆ ಕುದುರೆಯ ರಕ್ತ ಕೆಡಿಸುತ್ತದೆ. ಇನ್ನು ಕಣಗಿಲೆ, ಇಲ್ಲಿ ಮನೆ ಮುಂದೆ ಅಂದಕ್ಕೆ ಎಲ್ಲರೂ ಬೆಳೆಸುತ್ತಾರೆ. ಅದರ ವಿಷ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಗಾಳಿಗೆ ಮುರಿದು ಬೇಲಿ ಆಚೆಯಿಂದ ಈಚೆ ಬಿದ್ದಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಸೊಳ್ಳೆಗೂ ದನ ಸಾಯುತ್ತದೆ ಅಂತ ಕೇಳಿದೆ, ನಿಜಾನಾ?

ನಿಜ. 2020ರ ಆಗಸ್ಟ್ ಕೊನೆಗೆ ಲೂಸಿಯಾನಾಗೆ ಲಾರಾ ಹರಿಕೇನ್ ಬಂದು ಹೋದ ಮೇಲೆ ಜೌಗಿನಿಂದ ಸೊಳ್ಳೆಗಳು ಮೋಡದ ಹಾಗೆ ಎದ್ದವು. ರಕ್ತ ಹೀರಿಸಿಕೊಂಡು, ರಾತ್ರಿಯಿಡೀ ಓಡಿ ಓಡಿ ಸುಸ್ತಾಗಿ, ದನ ಕುದುರೆಗಳು ಸತ್ತವು. ವಿಮಾನದಿಂದ ಔಷಧಿ ಸಿಂಪಡಿಸಿದ ಮೇಲೆ ಕಡಿಮೆಯಾಯಿತು. ನೀರು ನಿಂತ ಎರಡು ವಾರ ದನಗಳ ಮೇಲೆ ಔಷಧಿ ಹೊಡೆಯುವುದನ್ನು ಮರೆಯಬೇಡಿ. ಗೊರಸನ್ನೂ ನೋಡಿ, ಕೆಸರಲ್ಲೇ ನಿಂತರೆ ಗೊರಸಿನ ನಡುವೆ ಕೊಳೆಯುತ್ತದೆ. ನೆಲ ಮುಳುಗಿ ಎದ್ದಾಗ ಚಪ್ಪೆ ರೋಗವೂ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಅದರ ಲಸಿಕೆ ಬಾಕಿ ಇರಬಾರದು.

ಫ್ಲೋರಿಡಾದ ಬ್ರಾಹ್ಮನ್ ದನ ನಮ್ಮ ದೇಶದ್ದೇ ಅಂತಾರಲ್ಲ?

ಹೌದು. ಗಿರ್, ಒಂಗೋಲ್, ಕಾಂಕ್ರೇಜ್ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. ಆ ತಳಿಗಾರರ ಸಂಘ 1924ರಲ್ಲೇ ಶುರುವಾಯಿತು. ಸೆಕೆ, ಉಣ್ಣೆ, ಸೊಳ್ಳೆ ತಡೆಯುವುದರಲ್ಲಿ ಅದು ಗಟ್ಟಿ, ಹಾಗಾಗಿ ಇಲ್ಲಿನ ಹಿಂಡುಗಳಲ್ಲಿ ಗೂನು ಬೆನ್ನಿನ ಮಿಶ್ರತಳಿಯೇ ಹೆಚ್ಚು. ಆದರೆ ಹಾರಿಬಂದ ತಗಡಿಗೆ ತಳಿ ಗೊತ್ತಾಗಲ್ಲ.

ವಿಮೆ, ಸರ್ಕಾರದ ಹಣ ಏನಾದರೂ ಸಿಗುತ್ತಾ?

ಮನೆಯ ಮಾಮೂಲಿ ವಿಮೆಯಲ್ಲಿ ಪ್ರವಾಹ ಸೇರಿಲ್ಲ. ಸರ್ಕಾರದ ಪ್ರವಾಹ ವಿಮೆ ಬೇರೆ ತಗೋಬೇಕು, ಕಟ್ಟಿದ ಮೇಲೆ ಜಾರಿಯಾಗಲು ಸಾಮಾನ್ಯವಾಗಿ 30 ದಿನ. ಅದೂ ದನಕ್ಕೆ, ಬೇಲಿಗೆ ಕೊಡಲ್ಲ.

ಸತ್ತ ದನಕ್ಕೆ ಅಮೆರಿಕದ ಕೃಷಿ ಇಲಾಖೆಯ ಲೈವ್‌ಸ್ಟಾಕ್ ಇಂಡೆಮ್ನಿಟಿ ಪ್ರೋಗ್ರಾಂ ಇದೆ, ಅವರು ಗೊತ್ತು ಮಾಡಿದ ಮಾರುಕಟ್ಟೆ ಬೆಲೆಯ 75 ಶೇಕಡ ಕೊಡುತ್ತಾರೆ. ಬೇಲಿ, ಕಸ ತೆಗೆಯುವುದಕ್ಕೆ ಎಮರ್ಜೆನ್ಸಿ ಕನ್ಸರ್ವೇಶನ್ ಪ್ರೋಗ್ರಾಂ. ಎರಡಕ್ಕೂ ಕೌಂಟಿಯ ಫಾರ್ಮ್ ಸರ್ವಿಸ್ ಏಜೆನ್ಸಿ ಆಫೀಸ್. ಅವರು ಕೇಳುವುದು ಪುರಾವೆ: ಗಾಳಿಗೆ ಮುಂಚೆ ಎಷ್ಟು ದನ ಇದ್ದವು, ಆಮೇಲೆ ಎಷ್ಟು, ಸತ್ತದ್ದರ ಫೋಟೋ, ಡಾಕ್ಟರ್ ಚೀಟಿ. ಬೇಲಿ ಪೂರ್ತಿ ಹೊಸದಾಗಿ ಹಾಕುವ ಮುಂಚೆ ಆಫೀಸಿಗೆ ಒಂದು ಫೋನ್ ಮಾಡಿ ಕೇಳಿ. ಅವರು ಬಂದು ನೋಡುವ ಮೊದಲೇ ಕೆಲಸ ಮುಗಿಸಿದರೆ ಹಣ ಕೈತಪ್ಪಬಹುದು.

ಸತ್ತ ದನವನ್ನು ಏನು ಮಾಡಬೇಕು?

ಮೊದಲು ಫೋಟೋ, ಓಲೆ ನಂಬರ್ ಕಾಣುವ ಹಾಗೆ. ಆಮೇಲೆ ಹೂಳುವುದು. ಫ್ಲೋರಿಡಾ ಕಾನೂನಿನ ಪ್ರಕಾರ ಮೇಲೆ ಕನಿಷ್ಠ ಎರಡು ಅಡಿ ಮಣ್ಣಿರಬೇಕು, ಬಾವಿಯಿಂದ ದೂರ ಇರಬೇಕು. ನೆಲವೆಲ್ಲ ನೀರಾಗಿ ಗುಂಡಿ ತೋಡಲು ಆಗದಿದ್ದರೆ ಕೌಂಟಿಯವರಿಗೆ ಹೇಳಿ.

ಜಾಗ ಖಾಲಿ ಮಾಡಿ ಅಂತ ಆದೇಶ ಬಂದರೆ ದನ ಬಿಟ್ಟು ಹೇಗೆ ಹೋಗೋದು? ಮನಸ್ಸು ಒಪ್ಪಲ್ಲ.

ಯಾರಿಗೂ ಒಪ್ಪಲ್ಲ. ಆದರೂ ಹೋಗಿ. ಗಾಳಿಯ ನಡುವೆ ನೀವು ಅಲ್ಲಿದ್ದು ಒಂದು ದನಕ್ಕೂ ಸಹಾಯ ಮಾಡಲು ಆಗಲ್ಲ, ಮಾರನೇ ದಿನ ನೀರು ಹೊತ್ತು ಹಾಕಲು ಮಾತ್ರ ನೀವು ಬೇಕು. ಎತ್ತರದ ಬಯಲು, ತುಂಬಿದ ತೊಟ್ಟಿ, ತೆರೆದ ಒಳಗೇಟು, ಇಷ್ಟು ಮಾಡಿ ಹೊರಡಿ. ಎಷ್ಟು ದನ, ಎಲ್ಲಿವೆ, ನಿಮ್ಮ ನಂಬರ್ ಏನು ಅಂತ ದೊಡ್ಡದಾಗಿ ಬರೆದು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಗೇಟಿಗೆ ಕಟ್ಟಿ. ಅದೇ ವಿವರ ದೂರದ ಇನ್ನೊಂದು ಊರಿನ ಗೆಳೆಯರಿಗೂ ಕಳಿಸಿ, ಯಾಕೆಂದರೆ ನಿಮ್ಮ ಕೌಂಟಿಯಲ್ಲಿ ಟವರ್‌ಗಳು ಬಿದ್ದರೆ ಒಬ್ಬರಿಗೊಬ್ಬರು ಫೋನೇ ಸಿಗಲ್ಲ. ವಾಪಸ್ ಬರುವಾಗ ಗಾಡಿಯಲ್ಲಿ ಚೈನ್‌ಸಾ, ಬೇಲಿ ತಂತಿ, ಇಕ್ಕಳ, ಹೆಚ್ಚುವರಿ ಪೆಟ್ರೋಲ್ ಇರಲಿ. ಬಂಕ್‌ಗಳಿಗೂ ಕರೆಂಟ್ ಇರಲ್ಲ.